ಒಡೆಯನ ಉಂಗುರದ ಅಚ್ಚು

“ಗುರುಗಳೇ, ನೀವು ಹೇಳಿಕೊಟ್ಟದ್ದನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಮಾಡದೆ ನನ್ನ ಮುಂದಿನವರಿಗೆ ದಾಟಿಸಿದರೆ ನನ್ನ ಕೆಲಸ ಮುಗಿದಂತಲ್ಲವೇ?” ಎಂದು ಅಡವಯ್ಯ ಕೇಳಿದ.

ಅಡವಯ್ಯ ಮಠದ ಶಿಷ್ಯರಲ್ಲೆಲ್ಲ ಹೆಚ್ಚು ಶ್ರದ್ಧೆಯವನು. ಪಾಠದ ನಡುವೆ ಗುರು ಕೆಮ್ಮಿದರೆ ಆ ಕೆಮ್ಮನ್ನೂ ಸೇರಿಸಿ ಬಾಯಿಪಾಠ ಮಾಡುವಂಥವನು. ಗುರು ನಕ್ಕರು. ಅವರು ನಕ್ಕಾಗ ಬರುವ ಕತೆ ನಗುವಂಥದ್ದಾಗಿರುವುದಿಲ್ಲ ಎಂದು ಮಠದವರಿಗೆಲ್ಲ ಗೊತ್ತಿತ್ತು.

“ಕೂತುಕೋ. ಒಂದು ಕತೆ ಹೇಳುತ್ತೇನೆ. ನಿಜವಾಗಿ ನಡೆದದ್ದು. ಯಾವ ಊರಲ್ಲಿ ಎಂದು ಮಾತ್ರ ಕೇಳಬೇಡ. ಕೇಳಿದರೆ ಬಾಯಿಗೆ ಬಂದ ಹೆಸರು ಹೇಳಿಬಿಡುತ್ತೇನೆ, ನೀನು ಅದನ್ನೂ ಬಾಯಿಪಾಠ ಮಾಡುತ್ತೀಯ,” ಎಂದು ಗುರು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಎರಕದವನಿದ್ದ. ಕಂಚು ಕರಗಿಸಿ ಉಂಗುರ ಹೊಯ್ಯುವುದು ಅವನ ಕಸುಬು. ಹೊಯ್ಯುವುದು ಎನ್ನುತ್ತೇವೆ, ಆದರೆ ಹೊಯ್ಯುವುದು ಒಂದು ಗಳಿಗೆಯ ಕೆಲಸ. ಮಿಕ್ಕದ್ದೆಲ್ಲ ಅಚ್ಚಿನ ಕೆಲಸ. ಹುತ್ತದ ಮಣ್ಣು ತರಬೇಕು, ಬಟ್ಟೆಯಲ್ಲಿ ಸೋಸಬೇಕು, ಸಗಣಿ ಬೆರೆಸಿ ತುಳಿಯಬೇಕು, ಬೆಣ್ಣೆಯಾಗುವ ತನಕ ನಾದಬೇಕು. ಎರಡು ಹೋಳು ಮಾಡಿ ನಡುವೆ ಅಚ್ಚೊತ್ತಬೇಕು. ನೆರಳಿನಲ್ಲಿ ಒಣಗಿಸಿ, ಆಮೇಲೆ ಬೆಂಕಿ ತೋರಿಸಬೇಕು. ಅವಸರ ಮಾಡಿದರೆ ಅಚ್ಚು ಬಿರಿಯುತ್ತದೆ. ಒಳಗೆ ಹಸಿ ಉಳಿದರೆ ಕಂಚು ಮುಖಕ್ಕೆ ಸಿಡಿಯುತ್ತದೆ. ಅವನ ಎಡಗೆನ್ನೆಯ ಮೇಲೆ ಅಂಥ ಒಂದು ಪಾಠದ ಗುರುತಿತ್ತು.

ಎರಕದವರಿಗೆಲ್ಲ ಗೊತ್ತಿರುವ ಒಂದು ಸಂಗತಿಯಿದೆ. ಮಣ್ಣು ಒಣಗುವಾಗ ಕುಗ್ಗುತ್ತದೆ. ಕಂಚು ಆರುವಾಗ ಕುಗ್ಗುತ್ತದೆ. ಬೆರಳಿನಷ್ಟೇ ಅಚ್ಚು ಮಾಡಿದರೆ ಉಂಗುರ ಆ ಬೆರಳಿಗೆ ಬರುವುದಿಲ್ಲ. ಆದ್ದರಿಂದ ಯಾರು ಬಂದರೂ ಅವನು ಬೆರಳಿಗೆ ದಾರ ಸುತ್ತಿ ಅಳೆಯುತ್ತಿದ್ದ, ಅಳತೆಗೆ ಒಂದು ಕೂದಲೆಳೆ ಸೇರಿಸಿ ಅಚ್ಚು ಮಾಡುತ್ತಿದ್ದ. ಆ ಊರಿನ ಮದುಮಕ್ಕಳು, ಮುದುಕರು, ಸೂಲಗಿತ್ತಿಯರು, ಕಳ್ಳರು, ಎಲ್ಲರ ಕೈಯಲ್ಲೂ ಅವನ ಉಂಗುರವಿತ್ತು. ಯಾರ ಬೆರಳೂ ನೋಯುತ್ತಿರಲಿಲ್ಲ.

ಒಂದೇ ಒಂದು ಉಂಗುರಕ್ಕೆ ಆ ಕೂದಲೆಳೆಯ ಸಡಿಲ ಇರಲಿಲ್ಲ. ಅದು ಊರಿನ ಒಡೆಯನ ಉಂಗುರ.

ಅದಕ್ಕೊಂದು ಕಟ್ಟಳೆಯಿತ್ತು. ಒಡೆಯನ ಕೈಗೆ ಏರಿದ ಉಂಗುರ ಅವನು ಸತ್ತ ಮೇಲೆಯೇ ಇಳಿಯಬೇಕು. ಸತ್ತ ದಿನ ಊರ ಹಿರಿಯರು ಅದನ್ನು ತೆಗೆದು ಎರಕದವನ ಮನೆಗೆ ತರುತ್ತಾರೆ. ಹಸಿ ಮಣ್ಣಿನ ಎರಡು ಹೋಳುಗಳ ನಡುವೆ ಆ ಉಂಗುರವನ್ನೇ ಇಟ್ಟು ಒತ್ತುತ್ತಾರೆ. ತೆಗೆದ ಮೇಲೆ, ಅದನ್ನೇ ಮತ್ತೆ ಅಚ್ಚಿನೊಳಗೆ ಕೂರಿಸಿ ನೋಡುತ್ತಾರೆ. ಸರಿಯಾಗಿ ಕೂರುತ್ತದೆ. ಕೂರದೆ ಏನು? ಅದರದ್ದೇ ಗುರುತು ತಾನೇ. “ಏನೂ ಸೇರಿಸಿಲ್ಲ, ಏನೂ ಕಳೆದಿಲ್ಲ,” ಎಂದು ಹಿರಿಯರು ಜೋರಾಗಿ ಹೇಳುತ್ತಾರೆ. ಹೊತ್ತು ಮುಳುಗುವುದರೊಳಗೆ ಉಂಗುರವನ್ನು ಸತ್ತವನಿಗೇ ತೊಡಿಸಿ ಮಣ್ಣು ಮಾಡುತ್ತಾರೆ. ಅಚ್ಚು ಒಣಗಿದ ಮೇಲೆ ಎರಕದವನು ಹೊಸ ಉಂಗುರ ಹೊಯ್ಯುತ್ತಾನೆ. ಅಷ್ಟು ಹೊತ್ತಿಗೆ ಹಳೆಯದು ನೆಲದೊಳಗೆ ಇರುತ್ತದೆ. ಹಳೆಯ ಉಂಗುರವನ್ನೂ ಹೊಸ ಉಂಗುರವನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಆ ಊರಿನಲ್ಲಿ ಒಬ್ಬರೂ ಇಲ್ಲ.

ಹೊಸ ಉಂಗುರ ಯಾರ ಬೆರಳಿನ ಬುಡದ ತನಕ ಹೋಗುತ್ತದೋ ಅವನೇ ಮುಂದಿನ ಒಡೆಯ.

ಮೊದಲನೆಯ ಒಡೆಯ ಕಾಡು ಕಡಿದು ಊರು ಕಟ್ಟಿದವನು. ಅವನ ಉಂಗುರದೊಳಗೆ ಈಗಿನವರ ಹೆಬ್ಬೆರಳು ಸಲೀಸಾಗಿ ಆಡುವಷ್ಟು ಜಾಗವಿತ್ತಂತೆ. ಅವನ ನಂತರ ನೇಗಿಲು ಹಿಡಿದವರು ಒಡೆಯರಾದರು. ಕೆಲವು ಕಾಲದ ಮೇಲೆ ನೇಗಿಲು ಹಿಡಿದ ಬೆರಳಿಗೆ ಉಂಗುರ ಏರಲಿಲ್ಲ. ಲೇಖಣಿ ಹಿಡಿದವರು ಒಡೆಯರಾದರು. ಆಮೇಲೆ ಲೇಖಣಿ ಹಿಡಿದ ಬೆರಳಿಗೂ ಏರಲಿಲ್ಲ. ಏನನ್ನೂ ಹಿಡಿಯದವರು ಒಡೆಯರಾದರು. “ಈಗಿನವರ ಬೆರಳಿಗೆ ಕೊಬ್ಬು ಬಂದಿದೆ,” ಎಂದು ಹಿರಿಯರು ಪ್ರತಿಸಲವೂ ಹೇಳಿದರು. ಉಂಗುರದ ಮೇಲೆ ಅವರಿಗೆ ಸಂಶಯವೇ ಬರಲಿಲ್ಲ. ತಾವೇ ಕಣ್ಣಾರೆ ನೋಡಿದ್ದರಲ್ಲ.

ನಮ್ಮ ಎರಕದವನ ಕಾಲದಲ್ಲಿ ಇದ್ದ ಒಡೆಯ ಕಡ್ಡಿಯಂಥ ಮನುಷ್ಯ. ಒಂದು ದಿನ ಅವನೂ ಸತ್ತ. ಹಿರಿಯರು ಉಂಗುರ ತಂದರು. ಎರಕದವನ ಪಾಲಿಗೆ ಒಡೆಯನ ಉಂಗುರ ಅದೇ ಮೊದಲು. ಹಿಂದಿನದನ್ನು ಅವನ ಅಪ್ಪ ಹೊಯ್ದಿದ್ದ. ಅವನು ಉಂಗುರವನ್ನು ಅಂಗೈಯಲ್ಲಿಟ್ಟು ನೋಡಿದ. ಅದರೊಳಗೆ ಅವನ ಕಿರುಬೆರಳೂ ಹೋಗುವಂತಿರಲಿಲ್ಲ.

“ಬುದ್ಧಿ, ಮಣ್ಣು ಒಣಗಿದರೆ ಕುಗ್ಗುತ್ತೆ, ಕಂಚು ಆರಿದರೆ ಕುಗ್ಗುತ್ತೆ. ಅಪ್ಪಣೆ ಕೊಟ್ಟರೆ ಒಂದು ಕೂದಲೆಳೆ ಸಡಿಲ ಬಿಡುತ್ತೇನೆ,” ಎಂದ.

“ಮೊದಲನೆಯ ಒಡೆಯರ ಅಳತೆಗಿಂತ ನಿನ್ನ ಕೂದಲು ದೊಡ್ಡದೇನಯ್ಯ?” ಎಂದ ಹಿರಿಯರಲ್ಲಿ ಒಬ್ಬ. ಉಳಿದವರು ನಕ್ಕರು. ಎರಕದವನು ಅಚ್ಚೊತ್ತಿದ.

ಹೊಸ ಉಂಗುರ ಊರೆಲ್ಲ ತಿರುಗಿತು. ಗಂಡಸರು ಸಾಲಾಗಿ ಕೈ ಚಾಚಿದರು. ಹೆಂಗಸರಿಗೆ ಒಳ್ಳೆಯ ತಮಾಷೆ.

“ನಮ್ಮನೆಯವರದ್ದು ನೋಡಿ, ಬೆಂಡೆಕಾಯಿ ಇದ್ದ ಹಾಗಿದೆ ಬೆರಳು,” ಎಂದಳು ಒಬ್ಬಳು.

“ಬೆಂಡೆಕಾಯಿ ಅಲ್ಲ ಕಣಕ್ಕ, ಬದನೆಕಾಯಿ!”

ಹರಳೆಣ್ಣೆ ಸವರಿದರು, ಸೀಗೆಯ ನೊರೆ ಹಚ್ಚಿದರು. ಆಗಲಿಲ್ಲ. ಒಡೆತನದ ಆಸೆಗೆ ಬಿದ್ದ ಒಬ್ಬ ಬೆರಳಿನ ತೊಗಲನ್ನೇ ಸುಲಿಸಿಕೊಂಡ. ಆದರೂ ಅದು ಮೂಳೆಯ ಗೆಣ್ಣು ದಾಟಲಿಲ್ಲ. ಅಲ್ಲಿಗೆ ತಮಾಷೆ ನಿಂತಿತು.

ಮನೆ ಮನೆ ಹತ್ತಿ ಇಳಿದು ಹಿರಿಯರು ಕೊನೆಗೆ ಎರಕದವನ ಮನೆಗೇ ಬಂದರು. ಅವನಿಗೆ ಒಬ್ಬಳೇ ಮೊಮ್ಮಗಳು, ದೇವೀರಿ. ತಾಯಿಯಿಲ್ಲದ ಕೂಸು, ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಜಗಲಿಯಲ್ಲಿ ಕೂತು ಮಿಕ್ಕ ಮಣ್ಣಿನಲ್ಲಿ ರೊಟ್ಟಿ ತಟ್ಟುತ್ತಿದ್ದಳು. ಹಿರಿಯನೊಬ್ಬ ಅವಳ ಕೈ ಒರೆಸಿ ಉಂಗುರ ತೊಡಿಸಿದ. ಬುಡದ ತನಕ ಹೋಯಿತು.

“ಹೆಣ್ಣುಕೂಸಲ್ಲವೇ?” ಎಂದು ಯಾರೋ ಅಂದರು.

“ಕಟ್ಟಳೆ ಬೆರಳು ಕೇಳುತ್ತದೆ. ಯಾರ ಬೆರಳು ಎಂದು ಕೇಳುವುದಿಲ್ಲ,” ಎಂದ ಹಿರಿಯ. ಎಲ್ಲರೂ ಆ ಕೂಸಿನ ಮಣ್ಣುಕಾಲಿಗೆ ಬಿದ್ದರು.

ಎರಕದವನೂ ಬಿದ್ದ. ಅವನಿಗೆ ಗೊತ್ತಿತ್ತು, ಮಗು ಬೆಳೆಯುತ್ತದೆ, ಕಂಚು ಬೆಳೆಯುವುದಿಲ್ಲ. ಆ ಮಾತನ್ನು ಅಲ್ಲೇ ಆಡಬಹುದಿತ್ತು. ಆದರೆ ಅವನೊಂದು ಲೆಕ್ಕ ಹಾಕಿದ. ನಾನು ಹೇಳಿದರೆ ನಗುತ್ತಾರೆ. ನಾಳೆ ಇವಳ ಬೆರಳು ಬೆಳೆದು ಉಂಗುರ ಬಿಗಿಯಾದಾಗ ಅವರೇ ನೋಡುತ್ತಾರೆ. ಬಾಯಿಮಾತಿಗೆ ಬಗ್ಗದವರು ಕಣ್ಣಿಗೆ ಕಂಡದ್ದಕ್ಕೆ ಬಗ್ಗಲೇಬೇಕು. ಆಗ ಕಟ್ಟಳೆ ಸಡಿಲವಾಗುತ್ತದೆ. ಹಾಗೆಂದುಕೊಂಡ. ಇಡೀ ಊರಿಗೆ ಒಂದು ಪಾಠ ಕಲಿಸಲು ಹೊರಟ, ಮೊಮ್ಮಗಳ ಬೆರಳನ್ನು ಹಲಗೆ ಮಾಡಿಕೊಂಡ.

ದೇವೀರಿ ಒಡೆಯರ ಚಾವಡಿ ಸೇರಿದಳು. ಬೆಳೆದಳು. ಉಂಗುರ ಬಿಗಿಯಾಯಿತು. ಅವನು ಅಂದುಕೊಂಡಂತೆಯೇ ಹಿರಿಯರು ಅದನ್ನು ಕಣ್ಣಾರೆ ನೋಡಿದರು. ಕೂತು ಯೋಚನೆ ಮಾಡಿದರು.

“ಉಂಗುರ ಇದ್ದ ಹಾಗೇ ಇದೆ. ಬೆರಳು ಮೀರುತ್ತಿದೆ. ಬೆರಳನ್ನು ತಡೆಯಬೇಕು,” ಎಂದು ತೀರ್ಮಾನ ಮಾಡಿದರು.

ಮಗುವಿಗೆ ಮುದ್ದೆ ನಿಲ್ಲಿಸಿದರು. ಹಾಲು ನಿಲ್ಲಿಸಿದರು. ತೆಳ್ಳನೆಯ ಅಂಬಲಿ ಕೊಟ್ಟರು, ಆಮೇಲೆ ಅದರಲ್ಲೂ ಅರ್ಧ ಮಾಡಿದರು. ಅವಳ ಕೆನ್ನೆ ಬತ್ತಿತು, ಪಕ್ಕೆಯ ಎಲುಬು ಕಂಡಿತು. ಬೆರಳು ಮಾತ್ರ ಮಾತು ಕೇಳಲಿಲ್ಲ. ಉಂಗುರದಿಂದಾಚೆಯ ಬೆರಳು ಊದಿ ನೇರಳೆಹಣ್ಣಿನ ಹಾಗಾಯಿತು.

ಸುದ್ದಿ ತಿಳಿದು ಎರಕದವನು ಅರ ಹಿಡಿದು ಓಡಿದ. ಕಂಚಿನ ಉಂಗುರವನ್ನು ಅರದಿಂದ ಕೊಯ್ಯುವುದು ಎಷ್ಟು ಹೊತ್ತಿನ ಮಾತು? ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು. ದೇವೀರಿ ಅವನನ್ನು ನೋಡಿ ಕೈ ಚಾಚಿದಳು.

“ತಾತ, ಅರ ತಂದ್ಯಾ?”

“ತಂದೆ ಕಣವ್ವ.”

“ನೋವಾಗುತ್ತಾ?”

“ನಿನಗೆ ಯಾಕಾಗುತ್ತೆ? ಆದರೆ ಉಂಗುರಕ್ಕೆ ಆಗಬೇಕು.”

ಮಗು ನಕ್ಕಿತು. ಅವನು ಅರ ಆನಿಸುವ ಹೊತ್ತಿಗೆ ಹಿರಿಯನೊಬ್ಬ ಅವನ ಮುಂಗೈ ಹಿಡಿದ.

“ಇದನ್ನು ಕೊಯ್ದರೆ ಮುಂದಿನ ಅಚ್ಚಿಗೆ ಏನನ್ನು ಒತ್ತುತ್ತೀಯ?”

“ದಾರದಲ್ಲಿ ಅಳೆದು ಹೊಸದು ಮಾಡುತ್ತೇನೆ ಬುದ್ಧಿ. ಎಲ್ಲರಿಗೂ ಮಾಡುವ ಹಾಗೆ. ಈಗ ಕೈ ಬಿಡಿ, ನಿಮ್ಮ ಕಾಲಿಗೆ ಬೀಳುತ್ತೇನೆ.”

“ಎಲ್ಲರಿಗೂ ಮಾಡುವ ಹಾಗೆ ಮಾಡಿದರೆ ಅದು ಎಲ್ಲರ ಉಂಗುರವಾಗುತ್ತದೆ. ಒಡೆಯರದ್ದು ಹೇಗಾಗುತ್ತದೆ?”

ಅರ ಕಿತ್ತುಕೊಂಡರು, ಅವನನ್ನು ಹೊರಗೆ ನೂಕಿದರು. ಬಾಗಿಲಲ್ಲಿ ಊರೇ ನಿಂತಿತ್ತು. ನಿಂತವರ ಕೈಯಲ್ಲೆಲ್ಲ ಅವನೇ ಮಾಡಿದ, ಅವನೇ ಸಡಿಲ ಬಿಟ್ಟ ಉಂಗುರಗಳಿದ್ದವು. ಕೆಲವರು ತಮ್ಮ ಉಂಗುರ ತಿರುಗಿಸುತ್ತ ನೆಲ ನೋಡಿದರು.

ಬೆರಳು ಕಪ್ಪಾಯಿತು. ಕಪ್ಪು ಮುಂಗೈಗೆ ಏರಿತು. ಜ್ವರ ಬಂತು. ಹಸಿದ ಮೈಯಲ್ಲಿ ಜ್ವರಕ್ಕೆ ಹೆಚ್ಚು ಕೆಲಸವಿರಲಿಲ್ಲ. ದೇವೀರಿ ಸತ್ತಳು. ಕಟ್ಟಳೆಯಂತೆ ಉಂಗುರ ಇಳಿಯಿತು. ಹೇಗೆ ಇಳಿಸಿದರು ಎಂದು ಕೇಳಬೇಡ.

ಹಿರಿಯರು ಅದನ್ನು ತೊಳೆದು ಎರಕದವನ ಮನೆಗೆ ತಂದರು.

ಅವನು ಬೇಡವೆನ್ನಲಿಲ್ಲ. ಅವನ ಕೈ ಈ ಹೊತ್ತಿಗಾಗಿಯೇ ಕಾಯುತ್ತಿತ್ತು. ಮಣ್ಣನ್ನು ಎಂದಿಗಿಂತ ನುಣ್ಣಗೆ ನಾದಿದ. ಅವನ ಮನಸ್ಸಿನಲ್ಲಿ ಇದ್ದದ್ದು ಒಂದೇ. ಅಚ್ಚೊತ್ತಿದ ಮೇಲೆ ಹಿರಿಯರು ಉಂಗುರ ಕೂರಿಸಿ ನೋಡುತ್ತಾರೆ, ‘ಏನೂ ಸೇರಿಸಿಲ್ಲ, ಏನೂ ಕಳೆದಿಲ್ಲ’ ಎನ್ನುತ್ತಾರೆ, ಎದ್ದು ಹೆಣದ ಕಡೆಗೆ ಹೋಗುತ್ತಾರೆ. ಆಮೇಲೆ ಅಚ್ಚು ತನ್ನೊಬ್ಬನದು. ಉಂಗುರದ ತೂತಿನ ಜಾಗದಲ್ಲಿ ನಿಂತಿರುವ ನಡುಮಣ್ಣಿಗೆ ಒಂದು ಪದರ ಮೆತ್ತಿ, ಹೊರಗೋಡೆಯನ್ನು ಅಷ್ಟೇ ಕೆರೆದರೆ ಆಯಿತು. ಒಂದು ಪದರವೇಕೆ, ಹತ್ತು ಪದರ ಮೆತ್ತಬಹುದು. ಮೊದಲನೆಯ ಒಡೆಯನ ಉಂಗುರದಷ್ಟು ದೊಡ್ಡದು ಮಾಡಬಹುದು. ಅಕ್ಕಪಕ್ಕ ಇಟ್ಟು ನೋಡುವವರು ಯಾರಿದ್ದಾರೆ? ಹಳೆಯದು ಮಗುವಿನ ಜೊತೆ ಮಣ್ಣಿನಲ್ಲಿರುತ್ತದೆ.

ಎಲ್ಲವೂ ಹಾಗೆಯೇ ಆಯಿತು. ಹಿರಿಯರು ಕೂರಿಸಿ ನೋಡಿದರು, ಹೇಳುವುದನ್ನು ಹೇಳಿದರು, ಎದ್ದು ನಡೆದರು. ಅವನೂ ಹೋಗಿ ಮೊಮ್ಮಗಳಿಗೆ ಮಣ್ಣು ಹಾಕಿ ಬಂದ. ಕೈ ತೊಳೆದು ಅಚ್ಚಿನ ಮುಂದೆ ಕೂತ. ಬೆರಳ ತುದಿಯಲ್ಲಿ ಒಂದು ಚೂರು ಹಸಿ ಮಣ್ಣು ತೆಗೆದುಕೊಂಡ.

ಅಚ್ಚಿನೊಳಗೆ ನೋಡಿದ. ನಡುಮಣ್ಣು ಅಲ್ಲಿ ಸಣ್ಣಗೆ, ದುಂಡಗೆ ನಿಂತಿತ್ತು. ದೇವೀರಿಯ ಬೆರಳಿನ ಗಾತ್ರಕ್ಕೆ ನಿಂತಿತ್ತು. ಅವಳು ನೆಲದ ಮೇಲೆ ಬಿಟ್ಟುಹೋದ ಅಳತೆ ಅದೊಂದೇ.

ಅವನ ಕೈ ಮುಂದೆ ಹೋಗಲಿಲ್ಲ. ಅದರ ಮೇಲೆ ಮಣ್ಣು ಮೆತ್ತುವುದು ಅವಳನ್ನು ಇನ್ನೊಮ್ಮೆ ಮಣ್ಣು ಮಾಡಿದ ಹಾಗೆ ಅನ್ನಿಸಿತು. ಇದೊಂದು ಸಲ ಹೀಗೇ ಇರಲಿ, ಮುಂದಿನ ಸಲ ಸಡಿಲ ಬಿಟ್ಟರಾಯಿತು ಎಂದುಕೊಂಡ. ಬೆರಳ ತುದಿಯ ಮಣ್ಣನ್ನು ಪಂಚೆಗೆ ಒರೆಸಿಕೊಂಡ. ಎರಡು ಹೋಳುಗಳನ್ನು ಕೂಡಿಸಿ ನೆರಳಿನಲ್ಲಿಟ್ಟ.

ಅಚ್ಚು ಒಣಗಿತು. ಕಂಚು ಹೊಯ್ದ. ಉಂಗುರ ಹೊರಬಂತು. ಕೂದಲೆಳೆಯಷ್ಟೂ ಬದಲಾಯಿಸದ ಉಂಗುರ.

ಈ ಸಲ ಹಿರಿಯರು ಅದನ್ನು ಹಿಡಿದು ತೊಟ್ಟಿಲು ಕಟ್ಟಿದ ಮನೆಗಳನ್ನು ಹುಡುಕುತ್ತ ಹೊರಟರು.

ಗುರು ಕತೆ ನಿಲ್ಲಿಸಿದರು. ಅಡವಯ್ಯನ ಕಣ್ಣು ತುಂಬಿತ್ತು. ಎದ್ದು ಅವರ ಕಾಲು ಮುಟ್ಟಿದ.

“ಗುರುಗಳೇ, ನೀವು ಹೇಳಿದ್ದು ಅರ್ಥವಾಯಿತು. ಈ ಕತೆಯನ್ನು ಸಾಯುವ ತನಕ ಮರೆಯುವುದಿಲ್ಲ. ಒಂದಕ್ಷರ ಅತ್ತಿತ್ತ ಮಾಡದೆ ಇದನ್ನು ನನ್ನ ಶಿಷ್ಯರಿಗೆ ಹೇಳುತ್ತೇನೆ.”

“ನಾನೂ ಹಾಗೆಯೇ ಹೇಳಿದೆ ಕಣಯ್ಯ; ನನ್ನ ಗುರುಗಳು ಹೇಳಿದಾಗ ಈ ಉಂಗುರ ತೋಳಿನ ಕಡಗವಾಗಿತ್ತು,” ಎಂದರು ಗುರು.