ಒಂದು ಮೊಳ ಏರಿದ ನೆಲ

ನದಿಯಾಚೆಯ ಹಳ್ಳಿ ಹತ್ತೇ ವರ್ಷದಲ್ಲಿ ನಗರವಾಗಿತ್ತು. ಈಗ ಅದು ನದಿ ದಾಟಿ ಈಚೆ ದಡಕ್ಕೂ ಬರತೊಡಗಿತ್ತು.

ಈಚೆ ದಡದ ಆಶ್ರಮದಲ್ಲಿ ಪರ್ವತಯ್ಯನವರು ನೆಲವನ್ನು ಓದುವ ವಿದ್ಯೆ ಕಲಿಸುತ್ತಿದ್ದರು. ನಗರದ ಯಜಮಾನ ಈರಭದ್ರಪ್ಪ ಆಶ್ರಮದ ಪಕ್ಕದಲ್ಲಿ ಐದಂತಸ್ತಿನ ಶಾಲೆ ಕಟ್ಟಿಸಲು ಹೊರಟಿದ್ದ. ನೆಲ ಭದ್ರವೋ ಅಲ್ಲವೋ ನೋಡಿ ಪತ್ರ ಬರೆದುಕೊಡಿ ಎಂದು ಕೇಳಿದ್ದ.

ಗುರುಗಳು ಆ ಕೆಲಸವನ್ನು ಶಿಷ್ಯೆ ದಾಕ್ಷಾಯಿಣಿಗೆ ವಹಿಸಿದರು. ಅವಳು ಹಳೆಯ ಕಡತ, ಶಾಸನಗಳನ್ನೆಲ್ಲ ತಿರುವಿ ಹಾಕಿ ಪತ್ರ ಬರೆದು ತಂದಳು.

“ಮುನ್ನೂರು ವರ್ಷದಲ್ಲಿ ಇಲ್ಲಿ ಒಂದು ಸಲವೂ ಭೂಮಿ ನಡುಗಿಲ್ಲ, ಗುರುಗಳೇ. ಭದ್ರವಾಗಿದೆ ಅಂತ ಬರೆದಿದ್ದೇನೆ.”

“ಯಾರನ್ನು ಕೇಳಿದೆ?”

“ಬರೆದಿಟ್ಟವರನ್ನು.”

“ನೆಲವನ್ನು?”

ಅವಳು ಪತ್ರವನ್ನು ಮಡಚಿಟ್ಟುಕೊಂಡಳು.

ಗುರುಗಳು ಗುದ್ದಲಿ ತೆಗೆದು ಅವಳ ಕೈಗಿತ್ತರು.

ಶಾಲೆಗೆಂದು ಗುರುತು ಹಾಕಿದ ಜಾಗದಲ್ಲಿ ಆಶ್ರಮದವರೆಲ್ಲ ಸೇರಿ ಎಂಟು ದಿನ ಕಂದಕ ತೋಡಿದರು. ಒಂಬತ್ತನೆಯ ದಿನ ಬೆಳಿಗ್ಗೆ ಗುರುವೂ ಶಿಷ್ಯೆಯೂ ಅದರೊಳಗೆ ಇಳಿದರು. ಗುರುಗಳು ಕರಣೆಯಿಂದ ಪಕ್ಕದ ಮಣ್ಣನ್ನು ಮೆಲ್ಲಗೆ ಕೆರೆದರು. ಕಪ್ಪು ಮಣ್ಣು, ನೆರೆ ತಂದ ಮರಳು, ಮತ್ತೆ ಮಣ್ಣು. ನೆಲ ಪದರ ಪದರವಾಗಿ ಕಂಡಿತು.

ಎದೆಯ ಮಟ್ಟದಲ್ಲಿ ಕಡತಗಳಿಗಿಂತಲೂ ಹಳೆಯ ಒಂದು ಒಲೆ. ಸುಟ್ಟ ಕಲ್ಲು, ಇದ್ದಿಲು. ಅದು ನಡುವೆ ಸೀಳಿಹೋಗಿತ್ತು. ಅರ್ಧ ಒಲೆ ಇಲ್ಲಿ, ಉಳಿದರ್ಧ ಒಂದು ಮೊಳ ಮೇಲೆ.

ದಾಕ್ಷಾಯಿಣಿ ಕೆಳಗಿನ ಇದ್ದಿಲ ಮೇಲೊಂದು ಕೈ, ಮೇಲಿನದರ ಮೇಲೊಂದು ಕೈ ಇಟ್ಟಳು.

“ಇಷ್ಟು ಏರೋದಕ್ಕೆ ಎಷ್ಟು ವರ್ಷ ಹಿಡಿಯಿತು?”

“ವರ್ಷವಲ್ಲ ತಾಯಿ. ಭೂಮಿ ನಡುಗಿದಾಗ, ನೀನು ಒಂದು ಸಲ ಉಸಿರೆಳೆದು ಬಿಡುವಷ್ಟು ಹೊತ್ತು.”

ಅವಳು ಕೈ ತೆಗೆಯಲಿಲ್ಲ.

“ಒಲೆ ಹೂಡಿದವರಿಗೆ ಗೊತ್ತಿರಲಿಲ್ಲವೇ?”

“ಒಲೆಯ ಕೆಳಗೆ ನೋಡು.”

ಅದೇ ಸೀಳಿನಲ್ಲಿ ಕೆಳಗಿನ ಬಿಳಿ ಮರಳಿನ ಪದರ ಎರಡು ಮೊಳ ಏರುಪೇರಾಗಿತ್ತು: ಒಲೆಯ ಜೊತೆ ಒಂದು ಮೊಳ, ಅದಕ್ಕೂ ಮೊದಲು ಒಂದು ಮೊಳ. ಒಲೆ ಹೂಡುವ ಮೊದಲೇ ನೆಲ ಒಮ್ಮೆ ಒಡೆದಿತ್ತು. ನೆರೆ ಬಂದು ಅದನ್ನು ಮುಚ್ಚಿ ಸಮ ಮಾಡಿತ್ತು.

ಅವಳು ತಲೆಯೆತ್ತಿ ಆಶ್ರಮದ ಹಿಂದಿನ ಬೆಟ್ಟವನ್ನು ನೋಡಿದಳು.

“ಹಾಗಾದರೆ ಆ ಬೆಟ್ಟ?”

“ಹೀಗೇ. ಮೊಳ ಮೊಳವಾಗಿ ಎದ್ದದ್ದು.”

ದಾಕ್ಷಾಯಿಣಿ ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು ಬರಿಗಾಲಲ್ಲಿ ನಿಂತಳು.

ಸಂಜೆ ಈರಭದ್ರಪ್ಪ ಪತ್ರಕ್ಕಾಗಿ ಬಂದ. ಅವಳು ಅದನ್ನು ಅವನೆದುರೇ ಹರಿದು, ಅವನನ್ನು ಕಂದಕಕ್ಕೆ ಇಳಿಸಿ ಒಲೆ ತೋರಿಸಿದಳು.

“ನಾನು ತಪ್ಪು ಬರೆದಿದ್ದೆ, ಯಜಮಾನರೇ. ಈ ಸೀಳಿನ ಮೇಲೆ ಶಾಲೆ ಬೇಡ, ದೂರ ಕಟ್ಟಿಸಿ. ನಡುಕ ಅಲ್ಲಿಗೂ ಬರುತ್ತೆ. ಎರಡೇ ಅಂತಸ್ತು ಸಾಕು. ಕಂಬ, ತೊಲೆ ಎಲ್ಲಕ್ಕೂ ಕಬ್ಬಿಣ ಹಾಕಿ ಬಿಗಿಸಿ.”

“ಯಾವಾಗ ನಡುಗುತ್ತಮ್ಮ?”

“ಗೊತ್ತಿಲ್ಲ. ನಾಳೆಯೋ, ನಮ್ಮ ಮರಿಮಕ್ಕಳ ಕಾಲಕ್ಕೋ.”

ಈರಭದ್ರಪ್ಪ ಗುರುಗಳ ಕಡೆ ತಿರುಗಿದ. “ನೀವಾದರೂ ಹೇಳಿ ಬುದ್ಧಿ, ಆ ದಿನ ಯಾವುದು ಅಂತ.”

“ನಿನ್ನ ಶಾಲೆಗೆ ಮಕ್ಕಳು ಯಾವ ಯಾವ ದಿನ ಬರುತ್ತಾರೆ?”

“ರಜೆ ಬಿಟ್ಟು ದಿನಾ ಬರುತ್ತಾರೆ.”

“ಹಾಗಾದರೆ ಆ ಒಂದೊಂದು ದಿನಕ್ಕಾಗಿಯೂ ಕಟ್ಟಿಸಪ್ಪ.”