ಬೀದಿಯ ಕೊನೆಯ ಹುಡುಗ

ಸುಮಾರು ಆರುನೂರು ವರ್ಷಗಳ ಹಿಂದೆ ಇಟಲಿಯ ಚಿತ್ರಕಾರರಿಗೆಲ್ಲ ರೇಖಾಗಣಿತದ ಹುಚ್ಚು ಹಿಡಿದಿತ್ತು. ನದಿ ದಂಡೆಯ ಊರೊಂದರಲ್ಲಿ ಓರ್ಸೊ ಎಂಬ ಗುರು, ಅವನಿಗೆ ನೆರಿ ಎಂಬ ಶಿಷ್ಯ. ಈ ನೆರಿಯಂತೂ ಊಟಕ್ಕೆ ಕೂತರೆ ರೊಟ್ಟಿಯ ಮೇಲೂ ಗೆರೆ ಎಳೆಯುವ ಆಸಾಮಿ.

ಒಂದು ದಿನ ನೆರಿಯ ಬಳಿಗೆ ಜೆಮ್ಮಾ ಎಂಬ ತಾಯಿ ಬಂದಳು. ಅವಳ ಪುಟ್ಟ ಮಗ ನದಿಗೆ ಹೋದವನು ತಿರುಗಿ ಬಂದಿರಲಿಲ್ಲ.

"ಬೀದಿಯ ಕೊನೇಲಿ ನಿಂತು ಒಂದ್ಸಲ ನನ್ನ ನೋಡಿದ. ಅದೇ ಕೊನೇ ಸಲ. ಚರ್ಚಿನ ಗೋಡೆ ಮೇಲೆ ಅವನನ್ನ ಹಾಗೇ ಬರೆದುಕೊಡಪ್ಪ."

ನೆರಿ ಗೋಡೆಗೊಂದು ಮೊಳೆ ಹೊಡೆದು ದಾರ ಕಟ್ಟಿದ. ಬೀದಿಯ ಅಂಚು, ಮನೆಗಳ ಸೂರು, ಎಲ್ಲವೂ ಆ ಮೊಳೆಯತ್ತ ಓಡುವಂತೆ ಇದ್ದಿಲಲ್ಲಿ ಗೆರೆ ಎಳೆದ. ದೂರದ್ದು ಚಿಕ್ಕದಾಗಬೇಕು, ಅದು ನಿಯಮ. ಹುಡುಗ ಮೊಳೆಗಿಂತ ಕೆಳಗೆ ಹೆಬ್ಬೆರಳಷ್ಟಾದ.

ಜೆಮ್ಮಾ ಪ್ರಾರ್ಥನೆಗೆ ಕೂರುವಂತೆ ಗೋಡೆಯೆದುರು ಮಂಡಿಯೂರಿದಳು. ಬಹಳ ಹೊತ್ತು ಹುಡುಕಿದಳು.

"ನನ್ನ ಮಗ ಎಲ್ಲಿ?"

"ಅಲ್ಲೇ ಇದ್ದಾನಲ್ಲಮ್ಮ!"

"ಬರೀ ಬೀದಿ ಕಾಣ್ತಿದೆ," ಎಂದು ಅಳುತ್ತಾ ಹೊರಟುಹೋದಳು.

ನೆರಿ ಮತ್ತೆ ಇದ್ದಿಲು ಕೈಗೆತ್ತಿಕೊಂಡ. ಹುಡುಗನನ್ನು ದೊಡ್ಡದು ಮಾಡಿದ. ಅವನ ತಲೆ ಮನೆಯ ಸೂರು ದಾಟಿತು, ಥೇಟ್ ರಾಕ್ಷಸ! ಛೆ, ಎಂದು ಅಳಿಸಿದ.

"ಗುರುಗಳೇ, ತಲೆ ಕೆಟ್ಟುಹೋಗಿದೆ. ಲೆಕ್ಕದಂತೆ ಹೋದರೆ ತಾಯಿಗೆ ಮಗ ಸಿಗಲ್ಲ. ತಾಯಿ ಹೇಳಿದಂತೆ ಹೋದರೆ ಲೆಕ್ಕ ಕೆಡುತ್ತೆ. ಯಾವುದನ್ನ ಬಿಡಲಿ?"

"ಎರಡನ್ನೂ ಬಿಡಬೇಡ."

"ಅದು ಹೇಗಾಗುತ್ತೆ?"

ಗುರು ಅವನ ಕಿವಿ ಹಿಡಿದು ಎಳೆತಂದು, ಜೆಮ್ಮಾ ಕೂತಿದ್ದ ಜಾಗದಲ್ಲೇ ಭುಜ ಒತ್ತಿ ಮಂಡಿಯೂರಿಸಿದ.

"ನಿನ್ನ ಮೊಳೆ ಎಲ್ಲಿದೆ?"

"ಅಯ್ಯೋ, ನನ್ನ ತಲೆಗಿಂತ ಎಷ್ಟೋ ಮೇಲಿದೆ."

"ಈಗ ನಿನ್ನ ಕಣ್ಣಿನ ಎತ್ತರಕ್ಕೆ ಹೊಡಿ."

ನೆರಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಮೊಳೆ ಕಿತ್ತು ಕೆಳಗೆ ಹೊಡೆದ. ಬೀದಿಯನ್ನೆಲ್ಲ ಹೊಸದಾಗಿ ಎಳೆದ. ಹುಡುಗ ಮತ್ತೆ ಹೆಬ್ಬೆರಳಷ್ಟೇ ಆದ. ಆದರೆ ಮೊಳೆ ಈಗ ಸರಿಯಾಗಿ ಅವನ ಎರಡು ಕಣ್ಣುಗಳ ನಡುವೆ ಬಂತು. ಬೀದಿಯ ಗೆರೆಗಳೆಲ್ಲ ಆ ಮುಖಕ್ಕೇ ಓಡುತ್ತಿದ್ದವು.

ಬಣ್ಣ ತುಂಬಿದ ಮೇಲೆ ಜೆಮ್ಮಾ ಬಂದು ಮಂಡಿಯೂರಿದಳು. ಈ ಸಲ ಹುಡುಕಲಿಲ್ಲ.

"ಅಯ್ಯೋ ಕಂದಾ, ಅಲ್ಲೇ ಯಾಕೋ ನಿಂತೆ," ಎಂದು ಬಿಕ್ಕಿದಳು.

ನೆರಿ ಗುರುವಿನ ತೋಳು ಹಿಡಿದ.

"ಅವನನ್ನ ಕೂದಲೆಳೆಯಷ್ಟೂ ದೊಡ್ಡದು ಮಾಡಿಲ್ಲ, ಗುರುಗಳೇ. ನನಗಿನ್ನೂ ಗೊಂದಲ. ಮೊದಲಿನ ಲೆಕ್ಕದಲ್ಲಿ ತಪ್ಪೇನಿತ್ತು?"

"ಲೆಕ್ಕದಲ್ಲಿ ತಪ್ಪಿರಲಿಲ್ಲಪ್ಪ. ನೀನು ಅದನ್ನ ನಿಂತುಕೊಂಡು ಮಾಡಿದ್ದೆ."