ಮಡಕೆಯ ಕೆಳಗೆ ಕೂತ ಗುರು

ತುಂಗಭದ್ರೆಯ ದಡದಲ್ಲಿ ಒಂದು ಆಶ್ರಮ. ಅಲ್ಲಿ ಮಂತ್ರಕ್ಕಿಂತ ಅರ ಉಜ್ಜುವ ಸದ್ದೇ ಜಾಸ್ತಿ. ಗುರು ಮೌನೇಶಾಚಾರ್ಯರು ಅಲ್ಲಿ ಯಂತ್ರ ಕಟ್ಟುವುದನ್ನು ಕಲಿಸುತ್ತಿದ್ದರು.

ಶಿಷ್ಯ ಕರಿಬಸವನ ಕಾಲು ಅಂದು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಸಿ ಮಡಕೆಯನ್ನು ಎತ್ತಿ ಹಲಗೆಯ ಮೇಲಿಡುವ ರೋಬೋ ಕೈ ಕಟ್ಟಿ ಮುಗಿಸಿದ್ದ. ಗುರುಗಳು ಒಪ್ಪಿದರೆ ಅದು ಅವನ ಹೆಸರು ಕೆತ್ತಿಸಿಕೊಂಡು ಆಚೆ ದಡದ ಕುಂಬಾರ ಹೆಂಗಸರ ಕೇರಿಗೆ ಹೋಗುತ್ತದೆ. ಒಪ್ಪದಿದ್ದರೆ ಮತ್ತೆ ಅರ ಉಜ್ಜುವ ಕೆಲಸ.

"ಎತ್ತೋದಕ್ಕೆ ಬೆಲ್ಟ್ ಹಾಕಿದ್ದೀನಿ ಗುರುಗಳೇ. ಗಿಡುಗ ಕೋಳಿಮರಿ ಎತ್ತಿದ ಹಾಗೆ ಎತ್ತುತ್ತೆ! ಸುತ್ತ ಏಳೂರಲ್ಲಿ ಇಂಥದ್ದು ಕಟ್ಟೋ ಗಂಡು ಇನ್ನೂ ಹುಟ್ಟಿಲ್ಲ."

"ಹೌದೇನೋ? ಹಾಗಾದರೆ ಎತ್ತಿಸು. ನೀನು ಕೆಳಗೆ ಕೂರು."

ಮಡಕೆ ಸರ್ರನೆ ಮೇಲೇರಿತು. ಕರಿಬಸವ ಅದರ ಕೆಳಗೆ ಮೀಸೆ ತಿರುವುತ್ತಾ ಕೂತ.

ಗುರುಗಳು ಹೋಗಿ ಸ್ವಿಚ್ಚು ಆರಿಸಿದರು.

ಮಡಕೆ ಪಚಕ್ಕನೆ ಅವನ ನೆತ್ತಿಗೆ ಬಂತು. ಮೀಸೆಯೆಲ್ಲ ಮಣ್ಣು.

"ಇದು ಮೋಸ ಗುರುಗಳೇ! ಹೇಳದೆ ಕರೆಂಟು ತೆಗೆದುಬಿಟ್ಟಿರಲ್ಲ!"

"ಆಚೆ ದಡದಲ್ಲಿ ಅದು ಹೇಳಿ ಹೋಗುತ್ತೇನೋ?"

ಕರಿಬಸವ ಮುಖ ಒರೆಸಿಕೊಂಡ. "ಮತ್ತೇನು ಹಾಕಲಿ? ಸರಪಳಿಯೋ, ಗಾಳಿ ತುಂಬಿದ ಸಿಲಿಂಡರೋ?"

"ಈ ಸೂರನ್ನು ಯಾವ ಕರೆಂಟು ಎತ್ತಿ ಹಿಡಿದಿದೆ?"

ತಿರುಗಿ ನೋಡಿದ. ಗೆದ್ದಲು ತಿಂದ ಕಂಬದ ಬುಡಕ್ಕೆ ಹಳೇ ಲಾರಿಯ ಸ್ಕ್ರೂ ಜಾಕಿ ಆಸರೆಯಾಗಿ ಕೊಟ್ಟಿತ್ತು. ದಿನಾ ಅದೇ ಕಂಬಕ್ಕೆ ಒರಗಿ ಅವನು ಬಡಾಯಿ ಕೊಚ್ಚುತ್ತಿದ್ದ. ಜಾಕಿ ತಿರುಗಿಸಿದರೆ ಏರುತ್ತದೆ, ಹಿಂದಕ್ಕೆ ತಿರುಗಿಸಿದರೆ ಇಳಿಯುತ್ತದೆ. ಮೇಲಿಂದ ಎಷ್ಟು ಒತ್ತಿದರೂ ತಾನಾಗಿ ಜಾರುವುದಿಲ್ಲ.

"ಸಿಕ್ಕಿತು!" ಅಂತ ಕಿರುಚಿ ಓಡಿದ. ಬೆಲ್ಟ್ ಕಿತ್ತೆಸೆದ. ಅದರ ಜಾಗದಲ್ಲಿ ಉದ್ದನೆಯ ಸ್ಕ್ರೂ ಸರಳು ಕೂರಿಸಿದ. ಊಟದ ಗಂಟೆ ಅವನ ಕಿವಿಗೇ ಬೀಳಲಿಲ್ಲ.

"ಸ್ವಲ್ಪ ನಿಧಾನ ಗುರುಗಳೇ, ತುಂಬು ಬಸುರಿ ನಡೆದ ಹಾಗೆ. ಆದರೆ ಆನೆ ಕೂತರೂ ಜಾರಲ್ಲ! ಕೂರಲಾ ಕೆಳಗೆ?"

"ಬೇಡ. ನಾನು ಕೂರುತ್ತೇನೆ. ನೀನು ಆರಿಸು."

ಇನ್ನೊಂದು ಹಸಿ ಮಡಕೆ ಮೆಲ್ಲಗೆ ಮೇಲೇರಿತು, ಗುರುಗಳು ಅದರ ಕೆಳಗೆ ಕೂತರು. ಸ್ವಿಚ್ಚಿನ ಮೇಲಿಟ್ಟ ಕರಿಬಸವನ ಬೆರಳು ಅಲ್ಲೇ ನಿಂತಿತು.

"ಒಂದು ನಿಮಿಷ ಗುರುಗಳೇ." ಓಡಿ ಬಂದು ನಟ್ಟು ಬಿಗಿ ಮಾಡಿದ. ಹೋದ. ಮತ್ತೆ ಬಂದು ಮುಟ್ಟಿ ನೋಡಿದ.

"ನಿನ್ನ ತಲೆ ಕೆಳಗಿದ್ದಾಗ ಇಷ್ಟು ಓಡಾಟ ಇರಲಿಲ್ಲವಲ್ಲೋ!"

ಕಣ್ಣು ಮುಚ್ಚಿಕೊಂಡು ಆರಿಸಿದ.

ಮಡಕೆ ಮಿಸುಕಲಿಲ್ಲ.

ಕರಿಬಸವ ಕುಣಿದ, ಕೇಕೆ ಹಾಕಿದ, ಆಚೆ ದಡಕ್ಕೆ ಕೇಳುವ ಹಾಗೆ ಸಿಳ್ಳೆ ಹೊಡೆದ.

ಗುರುಗಳು ಕೂತಲ್ಲಿಂದ ಏಳಲಿಲ್ಲ. "ಅಟ್ಟ ಹತ್ತಿಸಿ ಏಣಿ ತೆಗೆದೆಯಲ್ಲೋ. ಕರೆಂಟು ಬರೋತನಕ ಇದು ಮೇಲೇ ಒಣಗಬೇಕೇನು?"

ಕುಣಿತ ನಿಂತಿತು. ಜಾಕಿಯ ಪಕ್ಕ ಗೋಡೆಗೆ ಅದನ್ನು ತಿರುಗಿಸುವ ಹಿಡಿ ತೂಗುತ್ತಿತ್ತು. ಕರಿಬಸವ ಅದನ್ನು ತಂದ. ಉಜ್ಜಿ ಉಜ್ಜಿ ಸರಳಿನ ತುದಿಗೆ ಹೊಂದಿಸಿದ. ಮೆಲ್ಲಗೆ ತಿರುಗಿಸಿದ.

ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ಮಡಕೆ ಗುರುಗಳ ಮಡಿಲಿಗೆ ಬಂದು ಕೂತಿತು.

ಗುರುಗಳು ಉಳಿ ಚಾಚಿದರು. "ಹೆಸರು ಕೆತ್ತಿಕೋ."

"ಎಲ್ಲಿ ಗುರುಗಳೇ? ತೋಳಿನ ಮೇಲಾ? ಎಲ್ಲರಿಗೂ ಕಾಣುತ್ತೆ!"

"ಹಿಡಿಯ ಮೇಲೆ. ಕರೆಂಟು ಹೋದಾಗ ಆ ಹೆಂಗಸರ ಕೈ ಹುಡುಕುವ ಜಾಗದಲ್ಲಿ."